ಬಯ್ದದ್ದು ಮುಳ್ಳುಹಂದಿಗೆ, ಸಾಕಿದ್ದು ಹೆಗ್ಗಣವನ್ನು

ಕಳೆದ ವರ್ಷ ಶಿವರಾತ್ರಿಗೆ ಮೊದಲಿನ ವಾರ ಚಿಕ್ಕಮ್ಮನ ಹಿತ್ತಿಲಲ್ಲಿ 40 ಗುಂಡಿ ಸುವರ್ಣಗಡ್ಡೆ ಹಾಕಿದೆವು. ಯುಗಾದಿಗೆ ಎಣಿಸಿದಾಗ 26 ಗುಂಡಿ ಖಾಲಿ. ಒಂದು ತುಂಡಿಗೆ ಮುಕ್ಕಾಲು ಕೆಜಿ ಎಂದು ಹಿಡಿದರೂ ಇಪ್ಪತ್ತು ಕೆಜಿಯಷ್ಟು ಬೀಜದ ಗಡ್ಡೆಯನ್ನು ಯಾರೋ ಮಣ್ಣಿನಡಿಯಲ್ಲೇ ಕುಳಿತು ಊಟ ಮಾಡಿ ಹೋಗಿದ್ದರು. ಅಂಗಳದ ಎದುರಿನ ಹೂವಿನ ಸಾಲಿನಲ್ಲಿ ಹನ್ನೆರಡಿದ್ದ ಡೇರೆ (ಡೇಲಿಯಾ) ಗಡ್ಡೆ ಮೂರಕ್ಕೆ ಇಳಿದಿತ್ತು. ಕಾಬಾಳೆಯ (ಕ್ಯಾನಾ) ಬುಡ ಟೊಳ್ಳಾಗಿ, ಕೈಯಲ್ಲಿ ಎಳೆದರೆ ಗಿಡವೇ ಕಿತ್ತು ಬರುತ್ತಿತ್ತು. ಇದು ಯಾರ ಕೆಲಸ ಎಂದು ತಿಳಿಯಲು ನಮಗೆ ಐದು ವಾರ ಬೇಕಾಯಿತು. ಅಷ್ಟರೊಳಗೆ 11,400 ರೂಪಾಯಿ ಕೈಬಿಟ್ಟಿತ್ತು, ಅದೂ ತಪ್ಪು ಪ್ರಾಣಿಯ ಹೆಸರಿನಲ್ಲಿ. ಹಾಗಾಗಿ ಈ ಪ್ರಕರಣವನ್ನು ಮೊದಲಿನಿಂದ ಬರೆದಿಡುತ್ತಿದ್ದೇನೆ.

ಜಾಗ

ಮನೆ ಇರುವುದು ಉಡುಪಿ ಬಳಿಯ ಪರ್ಕಳದಿಂದ ಸ್ವರ್ಣಾ ಹೊಳೆಯ ಕಡೆಗೆ ಇಳಿಯುವ ಇಳಿಜಾರಿನಲ್ಲಿ. ಒಟ್ಟು ಮೂವತ್ತು ಸೆಂಟ್ಸ್. ಮೇಲ್ಬದಿಗೆ ಮುರಕಲ್ಲಿನ ಪಾದೆ, ಕೆಳಬದಿಗೆ ಗದ್ದೆ. ಗದ್ದೆ ಎಂಬುದು ಹೆಸರಿಗೆ ಮಾತ್ರ. ಮಳೆಗಾಲದ ಏಣೆಲು ಬೆಳೆ ಒಂದನ್ನು ತೆಗೆದು ಎರಡನೆಯ ಬೆಳೆಯಾದ ಸುಗ್ಗಿಗೆ ಕೈಬಿಟ್ಟವರು ಕೆಲವರು, ಉಳದೆ ಪೂರ್ತಿ ಹಡಿಲು ಬಿಟ್ಟವರು ಹೆಚ್ಚು. ಹಡಿಲು ಗದ್ದೆಯಲ್ಲಿ ಸೊಂಟದೆತ್ತರದ ಹುಲ್ಲು, ಅದರೊಳಗೆ ಏನುಂಟು ಏನಿಲ್ಲ ಎಂದು ಹಗಲಿನಲ್ಲೂ ಕಾಣುವುದಿಲ್ಲ.

ಮೂರು ಬದಿಗೆ ಪಾಗಾರ (ಕಾಂಪೌಂಡು ಗೋಡೆ), ಗದ್ದೆಯ ಬದಿಗೆ ಮಾತ್ರ ಗ್ಲಿರಿಸಿಡಿಯಾ ಬೇಲಿ. ನಮ್ಮಲ್ಲಿ ಅದಕ್ಕೆ ಗೊಬ್ಬರದ ಗಿಡ ಎಂದೇ ಹೆಸರು. ಗ್ಲಿರಿಸಿಡಿಯಾ ಎಂಬ ಲ್ಯಾಟಿನ್ ಹೆಸರಿಗೆ ‘ಇಲಿ ಕೊಲ್ಲುವುದು’ ಎಂಬ ಅರ್ಥ ಬರುತ್ತದೆ. ಮಧ್ಯ ಅಮೆರಿಕದಲ್ಲಿ ಅದರ ತೊಗಟೆ, ಎಲೆಗಳನ್ನು ಜೋಳದ ಜೊತೆ ಬೇಯಿಸಿ ಇಲಿಪಾಷಾಣ ಮಾಡುತ್ತಿದ್ದರಂತೆ. ನಮ್ಮ ಬೇಲಿಯ ಗಿಡಗಳು ಹೆಸರಿಗೆ ತಕ್ಕಂತೆ ನಡೆದುಕೊಳ್ಳಲಿಲ್ಲ, ಅವುಗಳ ಬುಡದಲ್ಲೇ ಬಿಲ ಇತ್ತು ಎಂಬುದು ಆಮೇಲೆ ಗೊತ್ತಾಯಿತು.

ಮನೆಯ ಹಿಂದೆ ಬಚ್ಚಲು. ಇನ್ನೂ ಒಲೆ ಉರಿಸಿ ಹಂಡೆಯಲ್ಲಿ ನೀರು ಕಾಯಿಸುವ ಮನೆ ಅದು. ಬಚ್ಚಲಿನ ಗೋಡೆಗೆ ಒರಗಿಸಿ ತೆಂಗಿನ ಸಿಪ್ಪೆ, ಮಡಲು, ಕೊತ್ತಳಿಗೆ ಎಲ್ಲವನ್ನೂ ಒಂದಾಳು ಎತ್ತರಕ್ಕೆ ಪೇರಿಸಿಟ್ಟಿತ್ತು. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಊರಿನಲ್ಲಿ ಮೇ ಕೊನೆಯ ಪತ್ತನಾಜೆಯೊಳಗೆ ಕಟ್ಟಿಗೆ ಒಟ್ಟದಿದ್ದರೆ ಆಟಿ ತಿಂಗಳ ಜಡಿಮಳೆಯಲ್ಲಿ ಒಲೆ ಹೊತ್ತುವುದಿಲ್ಲ. ಎಂಟು ಕೋಳಿ, ಒಂದು ಬೆಕ್ಕು, ಮತ್ತು ರಾತ್ರಿ ಎಂಟಕ್ಕೆ ಮಲಗಿದರೆ ಬೆಳಿಗ್ಗೆ ಹಾಲಿನವನ ಬೈಕಿಗೇ ಏಳುವ ಒಂದು ನಾಯಿ. ಈ ರಾಶಿ, ಈ ಕೋಳಿ, ಈ ಬೆಕ್ಕಿನ ತಟ್ಟೆ, ಮೂರನ್ನೂ ಓದುವವರು ನೆನಪಿಟ್ಟುಕೊಳ್ಳಬೇಕು. ನಾವು ನೆನಪಿಟ್ಟುಕೊಂಡಿರಲಿಲ್ಲ.

ಶಿವರಾತ್ರಿಯಿಂದ ಯುಗಾದಿಯವರೆಗೆ

ಗುಂಡಿಗಳನ್ನು ಸರಿಯಾಗಿಯೇ ತೆಗೆದಿದ್ದೆವು. ಎರಡಡಿ ಅಗಲ, ಒಂದೂವರೆ ಅಡಿ ಆಳ, ಗುಂಡಿಯಿಂದ ಗುಂಡಿಗೆ ಮೂರಡಿ. ಪ್ರತಿ ತುಂಡಿನಲ್ಲೂ ನಡುವಿನ ಮೊಳಕೆಯ ಒಂದು ಪಾಲು ಬರುವಂತೆ ಕೊಯ್ದು, ಸೆಗಣಿ ನೀರಿನಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ ಹಾಕಿದ್ದು. ಮೇಲೆ ಗೊಬ್ಬರ, ಅದರ ಮೇಲೆ ತರಗೆಲೆಯ ದಪ್ಪ ಹೊದಿಕೆ.

ಸುವರ್ಣಗಡ್ಡೆಯ ತೊಂದರೆ ಇರುವುದು ಇಲ್ಲಿಯೇ. ಹಾಕಿದ ಮೇಲೆ ಒಂದು ತಿಂಗಳು, ಕೆಲವೊಮ್ಮೆ ಒಂದೂವರೆ ತಿಂಗಳು ಮೇಲೆ ಏನೂ ಕಾಣುವುದಿಲ್ಲ. ಗಿಡ ಬಾಡಿತು, ಎಲೆ ಹಳದಿಯಾಯಿತು ಎಂದು ಎಚ್ಚರಿಸಲು ಗಿಡವೇ ಇಲ್ಲ. ಚಳಿ ದೇಶದವರು ಟ್ಯೂಲಿಪ್ ಗಡ್ಡೆಯನ್ನು ಹಿಮ ಬೀಳುವ ಮೊದಲೇ ನೆಟ್ಟು ವಸಂತದ ತನಕ ಕಾಯುತ್ತಾರೆ. ನಡುವೆ ಅಳಿಲು ಅಗೆದುಕೊಂಡು ಹೋದರೆ ಅವರಿಗೂ ಗೊತ್ತಾಗುವುದು ಹೂ ಬರಬೇಕಾದ ದಿನವೇ. ನಮ್ಮದೂ ಅದೇ ಕಥೆ, ಹಿಮದ ಬದಲು ಬಿಸಿಲು ಅಷ್ಟೆ.

ಮೂರನೆಯ ವಾರ ನಾನು ಮಂಗಳೂರಿನಿಂದ ಹೋದಾಗ ಕೆಲವು ಗುಂಡಿಗಳ ತರಗೆಲೆ ತಟ್ಟೆಯಂತೆ ಕುಸಿದಿತ್ತು. ನೀರು ಬಿಟ್ಟು ಮಣ್ಣು ಕೂತಿದೆ ಎಂದುಕೊಂಡೆ. ಚಿಕ್ಕಮ್ಮ ಮಾತ್ರ ಒಂದಕ್ಕೆ ಕೈಹಾಕಿ, “ಇದರಲ್ಲಿ ಎಂತದೂ ಇಲ್ಲ ಮಗಾ” ಅಂದರು. ಅಗೆದು ನೋಡಿದರೆ ಗಡ್ಡೆಯ ಮೇಲ್ಸಿಪ್ಪೆ ಮಾತ್ರ ಕವುಚಿ ಹಾಕಿದ ಬಟ್ಟಲಿನಂತೆ ಉಳಿದಿತ್ತು. ಒಳಗೆಲ್ಲ ಕೆರೆದು ತಿಂದಿದ್ದು. ಆ ದಿನ 17 ಗುಂಡಿ ಹೋಗಿತ್ತು.

ಆ ಬಟ್ಟಲನ್ನು ನಾನು ಐದು ನಿಮಿಷ ಕೈಯಲ್ಲಿ ಹಿಡಿದು ನೋಡಿದ್ದೇನೆ. ಉತ್ತರ ಅದರಲ್ಲೇ ಇತ್ತು. ಕೆಳಗಿನಿಂದ ತಿಂದವರು ಕೆಳಗಿನಿಂದಲೇ ಬಂದಿರಬೇಕಲ್ಲವೇ? ಆ ಪ್ರಶ್ನೆ ಅಂದು ಹೊಳೆಯಲಿಲ್ಲ. ಯಾಕೆಂದರೆ ಉತ್ತರ ಆಗಲೇ ಬೇಲಿಯ ಆಚೆಯಿಂದ ಬಂದಾಗಿತ್ತು.

“ಮುಳ್ಳುಹಂದಿಯೇ ಮಾರಾಯ, ಬೇರೆ ಎಂತದು?” ಅಂದರು ನೆರೆಮನೆಯ ಅಣ್ಣ. ಅವರ ತೋಟದಲ್ಲಿ ಹಿಂದಿನ ಮಳೆಗಾಲ ತೆಂಗಿನ ಸಸಿಗಳ ಬುಡ ಕಡಿದು ಹಾಕಿತ್ತು, ಮುಳ್ಳೂ ಸಿಕ್ಕಿತ್ತು. ಅವರು ಹೇಳಿದ್ದು ಸುಳ್ಳಲ್ಲ. ಮುಳ್ಳುಹಂದಿಗೆ ಗಡ್ಡೆ ಎಂದರೆ ಜೀವ. ಸುವರ್ಣಗಡ್ಡೆ, ಕೆಸುವಿನ ತುರಿಕೆ ಅದಕ್ಕೆ ಲೆಕ್ಕಕ್ಕಿಲ್ಲ. ಊರಿನಲ್ಲಿ ಇದ್ದದ್ದೂ ಹೌದು. ಊರಿನಲ್ಲಿ ಇದೆ ಎಂದ ಮಾತ್ರಕ್ಕೆ ನಮ್ಮ ಹಿತ್ತಿಲಿಗೂ ಬಂದಿದೆ ಎಂದು ನಾವೇ ತೀರ್ಪು ಕೊಟ್ಟುಕೊಂಡೆವು.

ಸಲಹೆಗಳು ಸಾಲುಗಟ್ಟಿ ಬಂದವು. ಉರುಳು ಇಡಿ ಎಂದವರಿದ್ದಾರೆ. ಹಂದಿಗೆ ಇಟ್ಟ ಉರುಳಿಗೆ ನಮ್ಮ ಜಿಲ್ಲೆಯಲ್ಲಿ ಚಿರತೆ ಬಿದ್ದದ್ದು ಎಷ್ಟು ಸಲ ಪೇಪರಿನಲ್ಲಿ ಬಂದಿಲ್ಲ? ಮನೆಯ ಲೈನಿನಿಂದ ನೇರ ತಂತಿಗೆ ಕರೆಂಟು ಕೊಡಿ ಎಂದವರೂ ಇದ್ದರು. ಸೋಲಾರ್ ಬೇಲಿಯಲ್ಲಿ ಕ್ಷಣಕ್ಕೊಮ್ಮೆ ಮಿಡಿದು ನಿಲ್ಲುವ ಕರೆಂಟು ಬೇರೆ, 230 ವೋಲ್ಟಿನ ನೇರ ಲೈನು ಬೇರೆ. ಎರಡನೆಯದು ಬೆಳಿಗ್ಗೆ ಹುಲ್ಲಿಗೆ ಹೋದ ಮನುಷ್ಯನನ್ನೇ ಕೊಲ್ಲುತ್ತದೆ, ಅದು ಅಪರಾಧವೂ ಹೌದು. ಮುಳ್ಳುಹಂದಿಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಹಿಡಿಯುವುದು, ಕೊಲ್ಲುವುದು, ಪದಾರ್ಥ ಮಾಡುವುದು ಯಾವುದಕ್ಕೂ ಅನುಮತಿ ಇಲ್ಲ.

ಉಳಿದದ್ದು ತಗಡು. ಮುಳ್ಳುಹಂದಿ ಹತ್ತುವುದರಲ್ಲಿ ಜಾಣ ಅಲ್ಲ, ಅಗೆಯುವುದರಲ್ಲಿ ಜಾಣ. ಆದ್ದರಿಂದ ಗದ್ದೆಯ ಬದಿಗೆ ಉದ್ದಕ್ಕೂ ಎರಡಡಿ ಎತ್ತರದ ತಗಡನ್ನು ಅರ್ಧ ಅಡಿ ಮಣ್ಣಿಗೆ ಇಳಿಸಿ, ಗೂಟ ಹೊಡೆದು ನಿಲ್ಲಿಸಿದೆವು. ಕೆಲಸ ಒಳ್ಳೆಯದಾಗಿಯೇ ಬಂತು. ಖರ್ಚು ಆಗಲೇ ಹೇಳಿದೆ.

ಅದರ ಮುಂದಿನ ವಾರ ಮತ್ತೆ ಐದು ಗುಂಡಿ ಹೋಯಿತು.

“ಮುಳ್ಳುಹಂದಿ ಎದುರಿನ ಗೇಟು ತೆಗೆದು ಬರ್ತದಾ?” ಚಿಕ್ಕಮ್ಮ ಕೇಳಿದರು. ಅವರು ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿದವರು, ತಪ್ಪು ಉತ್ತರ ಕೊಟ್ಟ ಹುಡುಗನನ್ನು ನೋಡುವ ಹಾಗೆಯೇ ನನ್ನನ್ನು ನೋಡಿದರು.

ಬೂದಿ

ಯುಗಾದಿಯ ಮರುದಿನ ರಜೆ ಹಾಕಿ ಉಳಿದೆ. ಈ ಸಲ ಯಾರನ್ನೂ ಕೇಳುವುದಿಲ್ಲ, ನೋಡುವುದು ಮಾತ್ರ ಎಂದು ನಿಶ್ಚಯಿಸಿಕೊಂಡಿದ್ದೆ.

ಮುಳ್ಳುಹಂದಿ ಬಂದರೆ ಬಿಡುವ ಗುರುತು ಯಾವುದು? ಮೇಲಿನಿಂದ ಅಗಲವಾಗಿ ತೋಡಿದ ಗುಂಡಿ, ಸುತ್ತ ಚೆಲ್ಲಿದ ಮಣ್ಣು, ಗಡ್ಡೆಯ ಮೇಲೆ ಉಳಿಯಿಂದ ಕೆತ್ತಿದಂಥ ಅಗಲ ಹಲ್ಲಿನ ಗೀರು, ನಾರುನಾರಾದ ಉದ್ದನೆಯ ಹಿಕ್ಕೆ, ಅದೃಷ್ಟವಿದ್ದರೆ ಒಂದು ಮುಳ್ಳು. ಕಾಡುಹಂದಿಯಾದರೆ ನೇಗಿಲು ಹೊಡೆದಂತೆ ಸಾಲಾಗಿ ಮಣ್ಣು ಮಗುಚಿರುತ್ತದೆ, ಗೊರಸು ಮೂಡಿರುತ್ತದೆ. ನವಿಲಾದರೆ ಹಗಲು ಬರಬೇಕು, ಮೊಳಕೆ ಕುಕ್ಕಬೇಕು. ಮಂಗ ಬಂದರೆ ಇಡೀ ಊರಿಗೇ ಗೊತ್ತಾಗುತ್ತದೆ. ನಮ್ಮಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಇದ್ದದ್ದು ಕುಸಿದ ತರಗೆಲೆ, ಬಟ್ಟಲಿನಂಥ ಸಿಪ್ಪೆ, ಸಿಪ್ಪೆಯ ಒಳಗೋಡೆಯಲ್ಲಿ ಜೋಡಿಜೋಡಿಯಾಗಿ ಸಣ್ಣ ಗೀರು. ಗುಂಡಿಯ ತಳದಲ್ಲಿ ಹಾರೆಯ ಹಿಡಿ ಆರಾಮವಾಗಿ ಹೋಗುವಷ್ಟು ಒಂದು ತೂತು.

ಹಿತ್ತಿಲು ಪೂರ್ತಿ ತಿರುಗಿ ತೂತು ಎಣಿಸಿದೆ. ಬೇಲಿಯ ಬುಡ, ಪಾಗಾರದ ಕೆಳಗೆ, ಬಚ್ಚಲಿನ ಹಿಂದೆ, ಬಾವಿಕಟ್ಟೆಯ ಬದಿ, ಒಟ್ಟು 23. ಕೆಲವದರ ಬಾಯಲ್ಲಿ ಹೊಸ ಮಣ್ಣಿನ ಗುಪ್ಪೆ. ಸಂಜೆ ಎಲ್ಲವನ್ನೂ ಹಸಿಮಣ್ಣು ಮೆತ್ತಿ ಮುಚ್ಚಿದೆವು. ಬಚ್ಚಲೊಲೆಯ ಬೂದಿಯನ್ನು ಗೆರಸೆಯಲ್ಲಿ ಸೋಸಿ ಪ್ರತಿ ತೂತಿನ ಮುಂದೆ, ಹೂವಿನ ಸಾಲಿನ ಅಂಚಿಗೆ, ತಗಡಿನ ಒಳಬದಿಗೆ ತೆಳ್ಳಗೆ ಹರಡಿದೆ. ಎಲ್ಲೆಲ್ಲಿ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡದ್ದೂ ಆಯಿತು.

ಬೆಳಿಗ್ಗೆ ಆರಕ್ಕೆ ಎದ್ದು ನೋಡಿದರೆ 23ರಲ್ಲಿ 9 ತೆರೆದಿತ್ತು. ಉಳಿದವು ಹಳೆಯವು, ಬಿಟ್ಟುಹೋದ ಬಿಲಗಳು. ತಗಡಿನ ಬದಿಯ ಬೂದಿಯಲ್ಲಿ ಒಂದು ಗೀರೂ ಇಲ್ಲ. ಬಚ್ಚಲಿನ ಹಿಂದೆ ಮಾತ್ರ ಸಂತೆ ನಡೆದಂತಿತ್ತು. ಮುಂಗಾಲಿನದು ನಾಲ್ಕು ಬೆರಳು, ಹಿಂಗಾಲಿನದು ಐದು, ನಡುವೆ ಬಾಲ ಎಳೆದ ಗೆರೆ. ಗೆರೆ ಸಿಪ್ಪೆ ರಾಶಿಯಿಂದ ಹೊರಟು ಬೆಕ್ಕಿನ ತಟ್ಟೆಗೆ ಬಂದು, ಅಲ್ಲಿಂದ ಕೋಳಿಗೂಡಿನ ಕೆಳಗೆ ಹೋಗಿ, ಆಮೇಲೆ ಸುವರ್ಣಗಡ್ಡೆಯ ಕಡೆ ತಿರುಗಿತ್ತು. ಮೊದಲು ತಿಂಡಿ, ನಂತರ ಊಟ.

ಚಿಕ್ಕಮ್ಮ ಬಗ್ಗಿ ನೋಡಿ, “ಪೆರ್ಗುಡೆ” ಅಂದರು. ಹೆಗ್ಗಣಕ್ಕೆ ತುಳುವಿನಲ್ಲಿ ಅದೇ ಹೆಸರು. “ಇದು ನಮ್ಮ ಮನೆಯದ್ದೇ.”

ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ನೋಡುವ ಗಾದೆ ಇದೆಯಲ್ಲ, ನಮಗೆ ಅದು ಅಕ್ಷರಕ್ಕೆ ಅಕ್ಷರ ಒದಗಿಬಂತು.

ಈ ಕಾಲದಲ್ಲೇ ಯಾಕೆ

ಹೆಗ್ಗಣ ಅಲ್ಲಿ ಎಷ್ಟೋ ವರ್ಷದಿಂದ ಇದ್ದಿರಬೇಕು. ಹಾಗಿದ್ದರೆ ಫೆಬ್ರವರಿ, ಮಾರ್ಚಿನಲ್ಲೇ ಗಡ್ಡೆಗೆ ಬಂದದ್ದು ಯಾಕೆ? ಏಣೆಲಿನ ಭತ್ತ ಒಳಗಾಗಿ, ಅಲ್ಲೊಂದು ಇಲ್ಲೊಂದು ಉಳಿದ ಸುಗ್ಗಿಯ ಗದ್ದೆಯೂ ಕೊಯ್ಲಾದ ಮೇಲೆ ಅವುಗಳಿಗೆ ಬಯಲಿನಲ್ಲಿ ಏನೂ ಸಿಗುವುದಿಲ್ಲ. ಮಣ್ಣು ಕಲ್ಲಾಗಿರುತ್ತದೆ, ನೀರಿಲ್ಲ. ಅದೇ ಹೊತ್ತಿಗೆ ನಾವು ಹಿತ್ತಿಲಲ್ಲಿ ಮಣ್ಣು ಸಡಿಲಿಸಿ, ಗೊಬ್ಬರ ಹಾಕಿ, ತರಗೆಲೆ ಹೊದಿಸಿ, ನೀರು ಬಿಟ್ಟು, ನಡುವೆ ಪಿಷ್ಟ ತುಂಬಿದ ಮುಕ್ಕಾಲು ಕೆಜಿಯ ತುಂಡು ಇಡುತ್ತೇವೆ. ಕೂಗಿ ಕರೆಯುವುದು ಇನ್ನು ಹೇಗೆ?

ಸುಳಿವು ಮೊದಲೇ ಸಿಕ್ಕಿತ್ತು. ಅದೇ ಫೆಬ್ರವರಿಯಲ್ಲಿ ಕಿತ್ತ ಗೆಣಸಿನಲ್ಲಿ ಕಾಲುಭಾಗ ಒಳಗಿನಿಂದ ಟೊಳ್ಳಾಗಿತ್ತು. ಹುಳ ಎಂದು ಬದಿಗೆ ಎಸೆದಿದ್ದೆವು.

ಹೂವಿನ ಸಾಲಿನಲ್ಲಿ ಇನ್ನೊಂದು ವಿಷಯ ಕಂಡಿತು. ಡೇರೆ ಹೋಗಿತ್ತು, ಕಾಬಾಳೆ ಹೋಗಿತ್ತು. ಆದರೆ ಅವುಗಳ ಪಕ್ಕದಲ್ಲೇ ಇದ್ದ ಕೆಂಪು ಅಮರಿಲ್ಲಿಸ್‌ನ ಒಂದು ಗಡ್ಡೆಗೂ ಹಲ್ಲು ತಾಗಿರಲಿಲ್ಲ. ಫುಟ್‌ಬಾಲ್ ಲಿಲ್ಲಿ, ಮಳೆ ಲಿಲ್ಲಿ ಹಾಗೆಯೇ ಇದ್ದವು. ಮೂರೂ ಒಂದೇ ಕುಟುಂಬದವು. ಆ ಕುಟುಂಬದ ಗಡ್ಡೆಗಳಲ್ಲಿ ಲೈಕೋರಿನ್ ಎಂಬ ಕಹಿ ವಿಷ ಇರುತ್ತದೆ, ತಿಂದರೆ ವಾಂತಿ. ಚಳಿ ದೇಶಗಳ ತೋಟದಲ್ಲಿ ಟ್ಯೂಲಿಪ್ ಮಾಯವಾದರೂ ಡ್ಯಾಫೊಡಿಲ್ ಉಳಿಯುವುದಕ್ಕೂ ಇದೇ ಕಾರಣ, ಅದೂ ಇದೇ ಕುಟುಂಬದ್ದು. ಹಾಗಾದರೆ ಡೇರೆಯ ಸುತ್ತ ಅಮರಿಲ್ಲಿಸ್ ನೆಟ್ಟು ಕೋಟೆ ಕಟ್ಟಿದರೆ ಆಗದೇ ಎಂದು ಕೇಳಿದವರಿದ್ದಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ನಮ್ಮಲ್ಲಿ ಎರಡೂ ಒಂದು ಗೇಣಿನ ಅಂತರದಲ್ಲಿದ್ದವು, ಹೆಗ್ಗಣ ಆರಿಸಿಕೊಂಡು ತಿಂದಿತ್ತು.

ರಾಶಿ ಎತ್ತಿದ ದಿನ

ಸಿಪ್ಪೆ ರಾಶಿಯನ್ನು ತೆಗೆಯಬೇಕು ಎಂದಾಗ ಚಿಕ್ಕಮ್ಮ ಸುತರಾಂ ಒಪ್ಪಲಿಲ್ಲ. “ಮಳೆಗಾಲದಲ್ಲಿ ನೀರು ಕಾಯಿಸುವುದು ಎಂತದರಲ್ಲಿ? ನಿನ್ನ ನೋಟ್‌ಬುಕ್ಕಿನಲ್ಲಾ?” ಅವರ ಮಾತು ಸರಿ. ಕೊನೆಗೆ ರಾಶಿ ಇರಲಿ, ನೆಲದ ಮೇಲೆ ಮತ್ತು ಗೋಡೆಗೆ ತಾಗಿ ಇರುವುದು ಬೇಡ ಎಂದು ರಾಜಿಯಾಯಿತು. ಕಲ್ಲು ಜೋಡಿಸಿ, ಅಡ್ಡ ಮರ ಹಾಕಿ, ಒಂದೂವರೆ ಅಡಿ ಎತ್ತರದ ಅಟ್ಟ ಮಾಡಿ, ಗೋಡೆಯಿಂದ ಎರಡು ಮಾರು ದೂರ.

ಕೆಲಸಕ್ಕೆ ಇಳಿಯುವ ಮೊದಲು ಎಲ್ಲರೂ ಗಂಬೂಟು, ರಬ್ಬರ್ ಕೈಗವಸು ಹಾಕಿಕೊಂಡೆವು. ಇದು ಶೋಕಿಗೆ ಅಲ್ಲ. ನಮ್ಮ ಕರಾವಳಿಯಲ್ಲಿ ಇಲಿಜ್ವರ ಹೊಸದಲ್ಲ. ಇಲಿ ಹೆಗ್ಗಣಗಳ ಮೂತ್ರ ಸೇರಿದ ಹಸಿಮಣ್ಣು, ನೀರು ಕಾಲಿನ ಗಾಯಕ್ಕೆ ತಾಗಿದರೆ ಸಾಕು. ಗದ್ದೆ ತೋಟದ ಕೆಲಸ ಮಾಡಿದವರಿಗೆ ಆಮೇಲೆ ಜ್ವರ, ಮೀನಖಂಡದ ನೋವು ಬಂದರೆ ಡಾಕ್ಟರಿಗೆ ಮಣ್ಣಿನ ಕೆಲಸದ ವಿಷಯವನ್ನೂ ಹೇಳಬೇಕು.

ರಾಶಿಯ ತಳದ ಪದರ ಎತ್ತುತ್ತಲೇ ಎರಡು ಹೆಗ್ಗಣ ಬಾಣದಂತೆ ಓಡಿದವು. ನಾಯಿ ಎದ್ದು ನಿಂತಿತು, ಅಷ್ಟೆ. ಕೆಳಗಿನ ಬಿಲವನ್ನು ಪಿಕ್ಕಾಸಿನಲ್ಲಿ ಅಗೆಯುತ್ತ ಹೋದೆವು. ಬೆಟ್ಟ ಅಗೆದು ಇಲಿ ಹಿಡಿಯುವುದು ಎಂದರೇನು ಎಂದು ಸೊಂಟಕ್ಕೆ ತಿಳಿಯಿತು. ಬಿಲ ಬಚ್ಚಲಿನ ಗೋಡೆಯ ಬುಡಕ್ಕೆ ಹೋಗಿ, ಅಲ್ಲಿ ಎರಡಾಗಿ ಕವಲೊಡೆದು, ಒಂದು ಕವಲು ನೇರ ಸುವರ್ಣಗಡ್ಡೆಯ ಮೊದಲ ಸಾಲಿಗೆ. ಇನ್ನೊಂದರ ಕೊನೆಯಲ್ಲಿ ಮಡಕೆಯಷ್ಟು ದೊಡ್ಡ ಉಗ್ರಾಣ. ಅದರಲ್ಲಿ ಸಿಕ್ಕಿದ್ದನ್ನು ಮೊರದಲ್ಲಿ ಹರಡಿದೆವು. ಸುಮಾರು ಅರ್ಧ ಸೇರು ಭತ್ತ, ಗೆಣಸಿನ ಒಣ ಚೂರು, ಸುವರ್ಣಗಡ್ಡೆಯ ನಾಲ್ಕು ತುಂಡು, ಒಂದು ಡೇರೆ ಗಡ್ಡೆ, ಮೀನಿನ ಮುಳ್ಳು, ಮತ್ತು ಅರ್ಧ ತಿಂದ ಬಟ್ಟೆ ಸಾಬೂನು. ಆ ಸಾಬೂನಿಗಾಗಿ ಜನವರಿಯಲ್ಲಿ ಕೆಲಸದ ಅಕ್ಕನ ಮೇಲೆ ಸಂಶಯಪಟ್ಟಿದ್ದರು ಚಿಕ್ಕಮ್ಮ. ಮೊರವನ್ನು ನೋಡಿ ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಅಕ್ಕನಿಗೆ ಚಾ ಮಾಡಿ ತಂದುಕೊಟ್ಟರು.

ಡೇರೆ ಗಡ್ಡೆಯ ಕಣ್ಣು ಹಾಳಾಗಿರಲಿಲ್ಲ. ಅದನ್ನು ಮತ್ತೆ ನೆಟ್ಟೆವು, ಚೌತಿಗೆ ಹೂ ಬಿಟ್ಟಿತು.

ಮಾಡಿದ್ದು, ಕೆಟ್ಟದ್ದು

ಪಾಷಾಣ ಬೇಡ ಎಂದು ಮೊದಲೇ ತೀರ್ಮಾನಿಸಿದ್ದೆವು. ಅಂಗಡಿಯಲ್ಲಿ ಸಿಗುವ ಕಪ್ಪು ಪುಡಿ, ಜಿಂಕ್ ಫಾಸ್ಫೈಡ್, ಹೊಟ್ಟೆಯ ಆಮ್ಲಕ್ಕೆ ಸೇರಿ ವಿಷಾನಿಲವಾಗುತ್ತದೆ. ಮನುಷ್ಯ ತಿಂದರೂ ಅದಕ್ಕೆ ಪ್ರತಿಮದ್ದಿಲ್ಲ. ಕೋಳಿ ಬಿಟ್ಟ ಹಿತ್ತಿಲಿಗೆ ಅದು ತಕ್ಕದ್ದಲ್ಲ. ಅರೆಬರೆ ತಿಂದು ಬದುಕಿದ ಹೆಗ್ಗಣ ಮತ್ತೆ ಅದರ ಹತ್ತಿರ ಸುಳಿಯುವುದೂ ಇಲ್ಲ. ಬಿಲ್ಲೆಯಾಗಿ ಬರುವ ಬ್ರೊಮಾಡಿಯೋಲೋನ್ ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ಮೇಲೆ ಕೊಲ್ಲುತ್ತದೆ. ಅಷ್ಟರಲ್ಲಿ ಅದನ್ನು ಹಿಡಿದ ಗೂಬೆಗೂ ಬೆಕ್ಕಿಗೂ ವಿಷ ದಾಟಬಹುದು. ನೆರೆಮನೆಯಲ್ಲಿ ಹಿಂದೊಮ್ಮೆ ಬಿಲ್ಲೆ ತಿಂದ ಹೆಗ್ಗಣ ಬಚ್ಚಲಿನ ನೆಲದಡಿ ಹೋಗಿ ಸತ್ತು, ಹತ್ತು ದಿನ ಸ್ನಾನಕ್ಕೆ ಬಾವಿಕಟ್ಟೆಗೇ ಹೋಗಬೇಕಾಗಿತ್ತು.

ನುಸಿಗುಳಿಗೆ, ಮೆಣಸಿನ ಪುಡಿ, ಫಿನಾಯಿಲ್, ಕ್ಷೌರದಂಗಡಿಯ ಕೂದಲು, ಎಲ್ಲವನ್ನೂ ಮಾರ್ಚಿನಲ್ಲೇ ಪ್ರಯೋಗಿಸಿ ಆಗಿತ್ತು. ನುಸಿಗುಳಿಗೆಯ ಒಂದು ಗುಳಿಗೆ ಉಗ್ರಾಣದ ಬಾಯಲ್ಲೇ ಸಿಕ್ಕಿತು. ಕಿವಿಗೆ ಕೇಳದ ಶಬ್ದ ಮಾಡಿ ಓಡಿಸುತ್ತದೆ ಎಂಬ ಯಂತ್ರವನ್ನೂ ನಾನು ತರಿಸಿದ್ದೆ. ಅದರ ಬಗ್ಗೆ ಚಿಕ್ಕಮ್ಮನ ಎದುರು ಮಾತೆತ್ತುವುದಿಲ್ಲ.

ಫಲ ಕೊಟ್ಟದ್ದು ಮೊದಲು ಊಟ ನಿಲ್ಲಿಸಿದ್ದು. ಕೋಳಿಗೆ ಸಂಜೆ ನಾಲ್ಕಕ್ಕೇ ಹಾಕಿ, ಉಳಿದದ್ದನ್ನು ಗುಡಿಸಿ ತೆಗೆಯುವುದು. ಬೆಕ್ಕಿನ ತಟ್ಟೆ ರಾತ್ರಿ ಒಳಗೆ. ಮುಸುರೆ, ಮೀನಿನ ತ್ಯಾಜ್ಯ ತೆರೆದ ಗೊಬ್ಬರ ಗುಂಡಿಗೆ ಬೀಳದೆ ಮುಚ್ಚಳದ ಡ್ರಮ್ಮಿಗೆ. ಹೆಗ್ಗಣದ ಗರ್ಭ ಮೂರು ವಾರದ ಲೆಕ್ಕ, ಒಂದೊಂದು ಸೂಲಿಗೆ ಆರೆಂಟು ಮರಿ. ಊಟ ನಿಲ್ಲಿಸದೆ ಹಿಡಿಯುತ್ತ ಕುಳಿತರೆ ನಾವು ಹಿಡಿಯುತ್ತಲೇ ಇರಬೇಕು.

ಆಮೇಲೆ ಬೋನು. ಮನೆಯಲ್ಲಿದ್ದದ್ದು ಇಲಿಬೋನು, ಹೆಗ್ಗಣ ಹೊಕ್ಕರೆ ಅರ್ಧ ಮೈ ಹೊರಗೆ. ಒಂದೂವರೆ ಅಡಿ ಉದ್ದದ್ದನ್ನು ಉಡುಪಿಯಿಂದ ತಂದೆ. ಹೊಸ ವಸ್ತು ಕಂಡರೆ ಹೆಗ್ಗಣ ದೂರವೇ ನಿಲ್ಲುತ್ತದೆ. ಮೂರು ರಾತ್ರಿ ಬಾಗಿಲನ್ನು ಕಟ್ಟಿಟ್ಟು, ಸುಟ್ಟ ತೆಂಗಿನಕಾಯಿ ಚೂರು, ಒಣಮೀನಿನ ತಲೆ ಇಟ್ಟು ತಿನ್ನಲು ಬಿಟ್ಟೆವು. ನಾಲ್ಕನೆಯ ರಾತ್ರಿ ಬಾಗಿಲು ಬಿಚ್ಚಿದ್ದು. ಏಪ್ರಿಲ್ ನಡುವಿನ ಬಿಸು ಹಬ್ಬದೊಳಗೆ ಏಳು ಸಿಕ್ಕಿದವು. ಸಿಕ್ಕಿದ್ದನ್ನು ನೆರೆಮನೆಯ ಅಣ್ಣ ಕೊಂಡುಹೋಗುತ್ತಿದ್ದರು, ನಾನು ಕೇಳಲಿಲ್ಲ.

ಬಿಸುವಿನ ವಾರ ಹೊಸದಾಗಿ 20 ತುಂಡು ಹಾಕಿದೆವು. ಹತ್ತು ಬರಿ ಮಣ್ಣಿಗೆ, ಹತ್ತು ತಂತಿಬಲೆಯ ಬುಟ್ಟಿಯೊಳಗೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ತಂದು, ಒಂದೂವರೆ ಮೀಟರ್ ಉದ್ದಕ್ಕೆ ಕತ್ತರಿಸಿ ಸುತ್ತಿದರೆ 45 ಸೆಂ.ಮೀ. ಅಗಲದ ಡೋಲು ಆಗುತ್ತದೆ. ತಳಕ್ಕೆ ಇನ್ನೊಂದು ತುಂಡು ಹೊಲಿದು, ಗುಂಡಿಗೆ ಇಳಿಸಿ, ಅಂಚು ಮಣ್ಣಿನಿಂದ ನಾಲ್ಕು ಬೆರಳು ಮೇಲೆ ನಿಲ್ಲುವಂತೆ ಮಣ್ಣು ತುಂಬಿದೆವು. ಕೋಳಿಬಲೆ ಸಾಲದು. ಅದರ ಕಣ್ಣು ದೊಡ್ಡದು, ತಂತಿ ತೆಳು. ಸಾಯುವ ತನಕ ಬೆಳೆಯುತ್ತಲೇ ಇರುವ ಹಲ್ಲಿನವಕ್ಕೆ ಅದು ನೂಲು. ಡೇರೆ ಸಾಲಿಗೆ ಬುಟ್ಟಿಯ ಬದಲು ಒಂದಡಿ ಆಳದಲ್ಲಿ ಇದೇ ಬಲೆಯನ್ನು ಹಾಸಿ ನಾಲ್ಕೂ ಬದಿ ಮೇಲಕ್ಕೆ ಮಡಚಿದ್ದು.

ಮೊದಲ ಮೂರು ಬುಟ್ಟಿಗಳಲ್ಲಿ ನಾನೊಂದು ಅತಿಬುದ್ಧಿ ಮಾಡಿದೆ. ಮೇಲಕ್ಕೂ ಬಲೆಯ ಮುಚ್ಚಳ ಹೊಲಿದುಬಿಟ್ಟೆ. ಸುವರ್ಣಗಡ್ಡೆಯ ಮೊಳಕೆ ಹೆಬ್ಬೆರಳಿನಂತೆ ಎದ್ದು ತೋಳಿನಷ್ಟು ದಪ್ಪವಾಗುತ್ತದೆ. ಮೇ ಕೊನೆಗೆ ನೋಡಿದರೆ ಮೂರೂ ಬಲೆಯ ಕಣ್ಣಿಗೆ ಸಿಕ್ಕಿ, ಬಾಗಿ, ಕುತ್ತಿಗೆ ಹಿಸುಕಿದಂತಾಗಿತ್ತು. ಇಕ್ಕುಳದಲ್ಲಿ ಕತ್ತರಿಸಿ ಬಿಡಿಸಿದೆ. ಒಂದು ಸತ್ತಿತು, ಎರಡು ಉಳಿದವು. ಹೆಗ್ಗಣ ಮಾಡದ ಕೆಲಸ.

ಬಲೆಗೆ ಬಿದ್ದವನು

ಮೊಳಕೆಗಳು ಎದ್ದಾಗ ನವಿಲು ಬಂತು. ಮಲ್ಪೆಯಿಂದ ತಂದ ಹಳೆಯ ಮೀನಿನ ಬಲೆಯನ್ನು ಸುತ್ತ ಕಟ್ಟಿದೆವು. ನಮ್ಮ ಕಡೆ ಅರ್ಧ ತೋಟಗಳಿಗೆ ಅದೇ ಪಾಗಾರ. ನಾಲ್ಕನೆಯ ಬೆಳಿಗ್ಗೆ ಬಲೆಯ ಬುಡದಲ್ಲಿ ಒಂದು ಕೇರೆ ಹಾವು, ಆರಡಿಗೆ ಕಮ್ಮಿಯಿಲ್ಲ, ನಾಲ್ಕು ಕಡೆ ಬಿಗಿದುಕೊಂಡು ಬಿದ್ದಿತ್ತು. ಹುರುಪೆಯ ಸಂದಿಗೆ ನೂಲು ಹೊಕ್ಕು ರಕ್ತ ಬಂದಿತ್ತು.

ಬೋನು ಒಂದು ಹೆಗ್ಗಣ ಹಿಡಿದರೆ ಕೇರೆ ಬಿಲದೊಳಗೇ ಹೋಗಿ ಮರಿ ಸಮೇತ ತೆಗೆಯುತ್ತದೆ. ಅದನ್ನೇ ನಾವು ಹಿಡಿದು ಹಾಕಿದ್ದೆವು. ಹಾವು ಹಿಡಿಯಲು ಬಲ್ಲವರನ್ನು ಕರೆಸಿದೆವು. ಅವರು ಹಾವಿನ ತಲೆಯನ್ನು ಒದ್ದೆ ಬಟ್ಟೆಯಲ್ಲಿ ಹಿಡಿದುಕೊಂಡು ಉಗುರು ಕತ್ತರಿಯಲ್ಲಿ ಒಂದೊಂದೇ ನೂಲು ಕತ್ತರಿಸಿದರು. ಮುಕ್ಕಾಲು ಗಂಟೆ ಹಿಡಿಯಿತು. ಬಿಟ್ಟಾಗ ಅದು ಗಾಬರಿಯಿಲ್ಲದೆ, ಮನೆಯವರ ಹಾಗೆ, ಅಟ್ಟದ ಕಟ್ಟಿಗೆಯ ಕೆಳಗೆ ಹರಿದುಹೋಯಿತು. ಚಿಕ್ಕಮ್ಮ ಕೈಮುಗಿದರು. ನೆಲಕ್ಕೆ ತಾಗುವ ಸಡಿಲ ಬಲೆ ಅಂದೇ ಹೋಯಿತು. ಮೊಳಕೆಗಳ ಮೇಲೆ ಬಿದಿರಿನ ಬಿಲ್ಲು ಬಗ್ಗಿಸಿ, ಬಲೆಯನ್ನು ಅದರ ಮೇಲೆ ಬಿಗಿಯಾಗಿ ಎಳೆದು, ನೆಲದಿಂದ ಒಂದು ಗೇಣು ಬಿಟ್ಟು ಕಟ್ಟಿದೆವು. ಗಿಡ ಮೊಣಕಾಲು ದಾಟಿದ ಮೇಲೆ ಅದನ್ನೂ ಬಿಚ್ಚಿದ್ದು.

ಜೂನಿನ ಮಳೆಗೆ ಶಂಖದ ಹುಳು, ಆಫ್ರಿಕದ ದೈತ್ಯ ಬಸವನಹುಳು, ಡೇರೆಯ ಚಿಗುರಿಗೆ ಹತ್ತಿತು. 1847ರಲ್ಲಿ ಕಲ್ಕತ್ತೆಯ ಒಂದು ತೋಟದಲ್ಲಿ ಬಿಟ್ಟದ್ದರ ಸಂತಾನ. ಅದಕ್ಕೆ ದೊಡ್ಡ ತಂತ್ರ ಬೇಕಿಲ್ಲ. ಸಂಜೆ ಒದ್ದೆ ಗೋಣಿಯಡಿ ಪಪ್ಪಾಯಿ ಎಲೆ, ಸಿಪ್ಪೆ ಇಟ್ಟು, ರಾತ್ರಿ ಒಂಬತ್ತಕ್ಕೆ ಟಾರ್ಚು ಹಿಡಿದು ಹೆಕ್ಕಿ ಉಪ್ಪುನೀರಿನ ಬಕೆಟಿಗೆ ಹಾಕುವುದು. ಮೊದಲ ರಾತ್ರಿ 61. ಕೈಗವಸು ಇಲ್ಲದೆ ಮುಟ್ಟಬಾರದು, ಮಿದುಳಿಗೆ ಏರುವ ಒಂದು ಜಂತು ಅದರಲ್ಲಿ ಇರಬಹುದು.

ಲೆಕ್ಕ

ಡಿಸೆಂಬರಿನಲ್ಲಿ ಎಲೆ ಹಳದಿಯಾಗಿ ಬಿದ್ದ ಮೇಲೆ ಕಿತ್ತೆವು. ಮೊದಲ ಹಾಕಿನಲ್ಲಿ ಉಳಿದ 14, ಬಿಸುವಿನಲ್ಲಿ ಹಾಕಿದ 20, ಒಟ್ಟು 34ರಲ್ಲಿ 28 ಗಡ್ಡೆ ಸಿಕ್ಕಿತು. ಬಿಸುವಿನ ಬುಟ್ಟಿಗಳಲ್ಲಿ ಹೆಗ್ಗಣಕ್ಕೆ ಹೋದದ್ದು ಒಂದೂ ಇಲ್ಲ, ಬರಿ ಮಣ್ಣಿನ ಹತ್ತರಲ್ಲಿ ಎರಡು. ಒಂದು ಕೊಳೆತದ್ದು, ಒಂದು ನನ್ನ ಮುಚ್ಚಳದಿಂದ ಹೋದದ್ದು.

ಇದರಿಂದ ಬುಟ್ಟಿಯೇ ಗೆದ್ದಿತು ಎಂದು ಹೇಳಲು ನನಗೆ ಧೈರ್ಯವಿಲ್ಲ. ಬುಟ್ಟಿ ಇಲ್ಲದ ಹತ್ತರಲ್ಲೂ ಎಂಟು ಉಳಿದವು. ಮಾರ್ಚಿನಲ್ಲಿ ನಲವತ್ತಕ್ಕೆ ಇಪ್ಪತ್ತಾರು ಹೋಗಿತ್ತಲ್ಲ. ಆ ವ್ಯತ್ಯಾಸ ತಂದದ್ದು ರಾಶಿ ಎತ್ತಿದ್ದು, ತಟ್ಟೆ ಒಳಗಿಟ್ಟದ್ದು, ಮತ್ತು ಕಟ್ಟಿಗೆಯ ಕೆಳಗಿನ ಕೇರೆ. ಜೊತೆಗೆ ಮಳೆ ಬಂದು ಬಯಲಲ್ಲೂ ಮೇವು ಸಿಕ್ಕಿತು ಎಂಬುದನ್ನು ಮರೆಯಬಾರದು. ಮೆಶ್ ಉಪ್ಪುಗಾಳಿಯ ಮಣ್ಣಿನಲ್ಲಿ ಆಗಲೇ ತುಕ್ಕು ಹಿಡಿಯುತ್ತಿದೆ. ಇನ್ನು ಮುಂದೆ ಅದು ಡೇರೆಯಂಥ ಬೆಲೆಯ ಗಡ್ಡೆಗೆ ಮಾತ್ರ, ಸುವರ್ಣಗಡ್ಡೆಗೆ ಬೇಡ ಎಂಬುದು ನನ್ನ ಲೆಕ್ಕ. ಚಿಕ್ಕಮ್ಮನ ಲೆಕ್ಕದಲ್ಲಿ ಎರಡಕ್ಕೂ ಬೇಕು.

34ರಲ್ಲಿ ಇನ್ನೂ ಎರಡರ ಲೆಕ್ಕ ಬಾಕಿ ಇದೆ. ಸೋಣ ತಿಂಗಳ (ಆಗಸ್ಟ್-ಸೆಪ್ಟೆಂಬರ್) ಒಂದು ಬೆಳಿಗ್ಗೆ ಮೂಲೆಯ ಎರಡು ಗಿಡ ಅಡ್ಡ ಬಿದ್ದಿದ್ದವು. ಗುಂಡಿ ಮೇಲಿನಿಂದ ಅಗಲವಾಗಿ ತೋಡಿತ್ತು, ಮಣ್ಣು ಸುತ್ತ ಚೆಲ್ಲಿತ್ತು, ಉಳಿದ ಗಡ್ಡೆಯ ಮೇಲೆ ಉಳಿಯಿಂದ ಕೆತ್ತಿದಂಥ ಗೀರು. ಕೆಸರಿನಲ್ಲಿ ಕಪ್ಪುಬಿಳಿ ಪಟ್ಟೆಯ ಒಂದು ಮುಳ್ಳು, ಗೇಣುದ್ದದ್ದು. ತಗಡು ಗಟ್ಟಿಯಾಗಿಯೇ ನಿಂತಿತ್ತು. ಹಿಂದಿನ ರಾತ್ರಿ ನಾನೇ ತಡವಾಗಿ ಬಂದು ಎದುರಿನ ಗೇಟು ಹಾಕಲು ಮರೆತಿದ್ದೆ.

ಚಿಕ್ಕಮ್ಮ ಆ ಮುಳ್ಳನ್ನು ತೊಳೆದು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದಾರೆ. ನಾನು ಹೋದಾಗಲೆಲ್ಲ ರಾತ್ರಿ ಊಟಕ್ಕೆ ಕೂರುವ ಮೊದಲು ಕೇಳುತ್ತಾರೆ, “ಗೇಟು ಹಾಕಿದ್ದೀಯಾ?”